ಪಾಣೆಮಂಗಳೂರಿನ ಒಂದು ಮಳೆಯ ರಾತ್ರಿ

ಮಂಗಳೂರಿನಿಂದ ಮೂಡಣ ದಿಕ್ಕಿಗೆ ಸುಮಾರು ೨೫ ಕಿಲೋಮೀಟರು ಸಾಗಿದರೆ ನೇತ್ರಾವತಿಯ ಉತ್ತರ ತಡಿಯಲ್ಲಿ ಬಂಟ್ವಾಳವೂ, ಅದರ ದಾರಿಯ ಕವಲಾದ ಬಿ. ಸಿ. ರೋಡೂ ದೊರೆಯುತ್ತವೆ. ಅಲ್ಲಿಂದ ಹೊಳೆಯನ್ನು ದಾಟಿದೊಡನೆ ದಕ್ಷಿಣದ ತಡಿಯಲ್ಲಿರುವುದೇ ಪಾಣೆಮಂಗಳೂರು. ಬೆಂಗಳೂರಿಗೆ ಹೋಗುವ ಹೆದ್ದಾರಿಯು ಹೊಸ ಸೇತುವೆಯ ಮೇಲಿಂದ ಪೇಟೆಯನ್ನು ಬದಿಗಿರಿಸಿ ಮೆಲ್ಕಾರಿನತ್ತ ಧಾವಿಸುವುದರಿಂದ, ಈಗಿನ ಪ್ರಯಾಣಿಕರಲ್ಲಿ ಹೆಚ್ಚಿನವರು ಈ ಊರಿನ ಹೆಸರನ್ನು ಫಲಕದಲ್ಲಿ ಓದುತ್ತಾರೆಯೇ ಹೊರತು ಊರನ್ನು ಕಾಣುವುದಿಲ್ಲ. ಕಾಣಬೇಕೆಂಬ ಅಪೇಕ್ಷೆಯುಳ್ಳವರು ಹಳೆಯ ಕಬ್ಬಿಣದ ಸೇತುವೆಯ ಮೇಲೆ ನಡೆದೇ ಹೋಗಬೇಕು. ಬ್ರಿಟಿಷರ ಆಳ್ವಿಕೆಯಲ್ಲಿ ಕಟ್ಟಲ್ಪಟ್ಟು ನೂರು ವರ್ಷಗಳನ್ನು ಮೀರಿದ ಈ ಸೇತುವೆಯು ಅಗಲದಲ್ಲಿ ಬಹಳ ಕಿರಿದು. ಎದುರಿನಿಂದ ವಾಹನವೊಂದು ಬಂದರೆ ಪಾದಚಾರಿಯು ಕಂಬಿಗೆ ಬೆನ್ನು ತಾಗಿಸಿ ನಿಲ್ಲಬೇಕಾಗುವುದು. ಹಾಗೆ ನಿಂತಾಗ ಕೆಳಗೆ ಹರಿಯುವ ನೇತ್ರಾವತಿಯ ದರ್ಶನವು ತಾನಾಗಿಯೇ ಲಭಿಸುವುದು.

ಬೇಸಗೆಯ ನೇತ್ರಾವತಿಯನ್ನು ಕಂಡವರು ಮಳೆಗಾಲದ ನೇತ್ರಾವತಿಯನ್ನು ಊಹಿಸಲಾರರು. ೧೯೨೩ರ ನೆರೆಯನ್ನು ಕುರಿತು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ೧೯೭೪ರ ನೆರೆಯನ್ನು ಕಂಡವರು ಈಗಲೂ ಅನೇಕರಿದ್ದಾರೆ. ರಸ್ತೆಗಳು ಹಸನಾಗುವುದಕ್ಕೆ ಮುಂಚೆ ಈ ಹೊಳೆಯೇ ರಾಜಮಾರ್ಗವಾಗಿದ್ದಿತು. ಘಟ್ಟದ ಮೇಲಿನ ಕಾಫಿ, ಈ ಸೀಮೆಯ ಅಕ್ಕಿ, ಅಡಕೆಗಳು ದೋಣಿಗಳಲ್ಲಿ ಮಂಗಳೂರಿಗೆ ಇಳಿದು, ಉಪ್ಪು, ಒಣಮೀನುಗಳು ಮೇಲಕ್ಕೆ ಏರುತ್ತಿದ್ದುವು. ಆ ವ್ಯಾಪಾರದ ಗುರುತಾಗಿ ಪೇಟೆಯ ಬೀದಿಯಲ್ಲಿ ಎದುರುಬದುರಾಗಿ ನಿಂತ ಹಂಚಿನ ಮಾಡಿನ ಮನೆಗಳಿವೆ. ಮುಂಭಾಗವು ಅಂಗಡಿ, ಹಿಂಭಾಗವು ವಾಸಗೃಹ. ಒಂದೇ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಈ ನಾಲ್ಕು ಭಾಷೆಗಳೂ ಕಿವಿಗೆ ಬೀಳುತ್ತವೆ. ಅಂಗಡಿಕಾರನು ಗಿರಾಕಿಯ ಮುಖವನ್ನು ನೋಡಿ ಭಾಷೆಯನ್ನು ಬದಲಿಸುವ ಚಾತುರ್ಯವನ್ನು ನಾವು ಬಹಳ ಹೊತ್ತು ನಿಂತು ನೋಡಿದೆವು.

ಕಳೆದ ಮಾಘಮಾಸದಲ್ಲಿ ನಾವು ಈ ಊರಿಗೆ ಹೋದುದು ದೇವತಾದರ್ಶನಕ್ಕಾಗಿಯೂ ಅಲ್ಲ, ನೆಂಟರ ಮನೆಗೂ ಅಲ್ಲ. ೧೯೮೧ನೆಯ ಇಸವಿಯ ಮೇ ತಿಂಗಳಲ್ಲಿ, ದುರ್ಮತಿ ಸಂವತ್ಸರದ ವೈಶಾಖ ಬಹುಳದ ಒಂದು ರಾತ್ರಿ, ಇಲ್ಲಿನ ಕೊಯ್ಲಾದ ಗದ್ದೆಯೊಂದರಲ್ಲಿ ನಡೆದ ಯಕ್ಷಗಾನ ಬಯಲಾಟವನ್ನು ನೋಡಿದವರು ಇನ್ನೆಷ್ಟು ಮಂದಿ ಇದ್ದಾರೆ, ಅವರು ಏನನ್ನು ನೆನಪಿಟ್ಟಿದ್ದಾರೆ ಎಂಬುದನ್ನು ತಿಳಿಯುವುದಕ್ಕಾಗಿ ಹೋದೆವು. ಆ ರಾತ್ರಿ ನಾವೂ ಹದಿನಾರು ವಯಸ್ಸಿನ ಹುಡುಗರಾಗಿ ನೆಲದ ಟಿಕೆಟಿನಲ್ಲಿ ಕುಳಿತಿದ್ದೆವು.

ಎಳೆಯ ವಾಚಕರಿಗಾಗಿ ಡೇರೆಯ ಮೇಳಗಳ ವಿಷಯವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಯಕ್ಷಗಾನವು ನಮ್ಮ ಸೀಮೆಯಲ್ಲಿ ಮೂಲತಃ ದೇವರ ಸೇವೆಯ ಆಟ. ಹರಕೆ ಹೊತ್ತವನು ಆಡಿಸುವನು, ಊರವರು ಗದ್ದೆಯಲ್ಲಿ ಚಾಪೆ ಹಾಸಿ ನೋಡುವರು. ಕಾಸು ಕೊಡುವ ಪ್ರಸಂಗವಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಸುತ್ತಲೂ ಬಟ್ಟೆಯ ಗೋಡೆ ಕಟ್ಟಿ, ಟಿಕೆಟು ಮಾರಿ ಆಟ ತೋರಿಸುವ ಪದ್ಧತಿಯು ಬಲವಾಯಿತು. ದೊಂದಿಯ ಬೆಳಕು ಹೋಗಿ ಗ್ಯಾಸುಲೈಟು, ಅದು ಹೋಗಿ ವಿದ್ಯುದ್ದೀಪ, ಜೊತೆಗೆ ಧ್ವನಿವರ್ಧಕ. ಧರ್ಮಸ್ಥಳದ ಮೇಳವನ್ನು ನಡೆಸಿದ ಕುರಿಯ ವಿಠಲ ಶಾಸ್ತ್ರಿಗಳಂಥ (೧೯೧೨–೧೯೭೨) ಕಲಾವಿದರು ಆ ಕಾಲದಲ್ಲಿ ಮನೆಮಾತಾಗಿದ್ದರು. ಆ ಮೇಲೆ ಕರ್ನಾಟಕ ಮೇಳವು ತುಳು ಪ್ರಸಂಗಗಳನ್ನು ಆಡಿ, ಪುರಾಣವನ್ನು ಅರಿಯದ ಯುವಕರನ್ನೂ ಡೇರೆಯೊಳಗೆ ತಂದಿತು. ಅದರ ಭಾಗವತರಾದ ದಾಮೋದರ ಮಂಡೆಚ್ಚರ ಕಂಠಕ್ಕಾಗಿಯೇ ಊರಿಂದೂರಿಗೆ ಹೋಗುವವರಿದ್ದರು. ಬಡಗಿನಲ್ಲಿ ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು ೧೯೯೦ರಲ್ಲಿ ರಸ್ತೆಯ ಅಪಘಾತದಲ್ಲಿ ಎಳೆಯ ಪ್ರಾಯಕ್ಕೆ ತೀರಿಕೊಂಡಾಗ, ಸ್ವಂತ ಅಣ್ಣನನ್ನು ಕಳೆದುಕೊಂಡಂತೆ ಅತ್ತ ವಿದ್ಯಾರ್ಥಿಗಳನ್ನು ನಾವೇ ಕಂಡಿದ್ದೇವೆ. ಪಾಶ್ಚಾತ್ಯ ದೇಶಗಳ ತರುಣರು ರಾಕ್ ಸಂಗೀತದ ಹಾಡುಗಾರರ ಹಿಂದೆ ಹೋಗುವರೆಂದು ಕೇಳಿ ನಗುವ ಹಿರಿಯರು, ತಮ್ಮ ಊರಿನ ಈ ಸಂಗತಿಯನ್ನು ಮರೆಯುತ್ತಾರೆ.

ಆಟದ ದಿವಸ ಮಧ್ಯಾಹ್ನದಿಂದಲೇ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಪ್ರಚಾರಕನು ಬೀದಿ ಬೀದಿ ಸುತ್ತುವನು. ಅವನು ಎರಚಿದ ಬಣ್ಣದ ಹಸ್ತಪತ್ರಗಳಿಗಾಗಿ ಹುಡುಗರು ಜೀಪಿನ ಹಿಂದೆ ಓಡುವರು. ನೆಲ, ಬೆಂಚು, ಕುರ್ಚಿ, ಆರಾಮಕುರ್ಚಿ ಎಂದು ಸ್ಥಾನಭೇದ. ರಾತ್ರಿ ಒಂಬತ್ತೂವರೆಗೆ ಆರಂಭ. ಬೆಳಗಿನ ಆರಕ್ಕೆ ಮಂಗಳ. ಈ ತಿರುಗಾಟವೆಲ್ಲ ಪತ್ತನಾಜೆಯೊಂದಿಗೆ, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನದೊಂದಿಗೆ, ಮುಗಿಯುವುದು. ಆ ದಿನ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಕಳೆಯುವ ತನಕ ಕಟ್ಟುವಂತಿಲ್ಲ.

ನಾವು ಹೇಳುವ ಆಟವು ಪತ್ತನಾಜೆಗೆ ಮೂರೋ ನಾಲ್ಕೋ ದಿನ ಉಳಿದಿದ್ದಾಗ ನಡೆದುದು. ಮೇಳವು ದೊಡ್ಡದಲ್ಲ, ಅದು ಈಗ ಇಲ್ಲವೂ ಇಲ್ಲ. ಪ್ರಸಂಗ ವಾಲಿಸುಗ್ರೀವರ ಕಾಳಗ. ಸಂಜೆಯಿಂದಲೇ ಮೂಡಣ ಬಾನಿನಲ್ಲಿ ಮಿಂಚುತ್ತಿತ್ತು, ಎಲೆ ಅಲುಗದ ಸೆಕೆ. ಮೂರು ಗಂಟೆಯ ಸುಮಾರಿಗೆ ಅಣ್ಣ ತಮ್ಮಂದಿರ ಕಾಳಗವು ಮುಗಿದು, ಮರದ ಮರೆಯಿಂದ ಬಾಣ ಬಂದು ವಾಲಿಯು ಬಿದ್ದನು. ಅದೇ ಸಮಯಕ್ಕೆ ಗಾಳಿಯು ಎದ್ದಿತು. ಡೇರೆಯ ಬಟ್ಟೆಯು ಹಾಯಿಯಂತೆ ಉಬ್ಬಿ ಒಂದು ಬದಿಯ ಗೂಟಗಳು ಕಿತ್ತುಬಂದವು, ದೀಪಗಳೆಲ್ಲ ಒಮ್ಮೆಲೇ ಆರಿದುವು, ಮಳೆಯು ಸುರಿಯಿತು. ಮೇಳದ ಜನರೇಟರು ನೀರಿಗೆ ನೆನೆದು ಎರಡು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಚೌಕಿಯಿಂದ ಒಂದು ಗ್ಯಾಸುಲೈಟನ್ನು ಯಾರೋ ತಂದು ರಂಗಸ್ಥಳದ ಕಂಬಕ್ಕೆ ತೂಗಹಾಕಿದರು. ಭಾಗವತರು ಸತ್ತ ಮೈಕನ್ನು ಬದಿಗೆ ಸರಿಸಿ, ನಿಂತುಕೊಂಡು, ಮಳೆಯ ಸದ್ದನ್ನು ಮೀರಿ ಪದ ಎತ್ತಿದರು. ಜನರು ಚಾಪೆಯನ್ನೇ ತಲೆಯ ಮೇಲೆ ಹಿಡಿದು ಕುಳಿತರು. ಇಷ್ಟರವರೆಗೆ ನಮ್ಮ ಸ್ಮರಣೆಯು ಸ್ಪಷ್ಟವಾಗಿದೆ, ಮತ್ತು ನಾವು ಕಂಡ ಸಾಕ್ಷಿಗಳೆಲ್ಲರೂ ಇಷ್ಟನ್ನು ಒಪ್ಪುತ್ತಾರೆ. ಅಲ್ಲಿಂದ ಮುಂದೆ ಒಬ್ಬರ ಮಾತಿನಂತೆ ಇನ್ನೊಬ್ಬರ ಮಾತಿಲ್ಲ.

ಮೊದಲು ನಾವು ಪೇಟೆಯ ಜವಳಿ ಅಂಗಡಿಯ ಹಿರಿಯರನ್ನು ಕಂಡೆವು. ಎಪ್ಪತ್ತೈದು ದಾಟಿದ ಕೊಂಕಣಿ ಗೃಹಸ್ಥರು. ಅಂದು ಆರಾಮಕುರ್ಚಿಯ ಪ್ರೇಕ್ಷಕರು. "ವಾಲಿ ಯಾರದ್ದು ಅಂತ ಕೇಳ್ತೀರಾ ಮಾಷ್ಟ್ರೇ? ಶೇಣಿಯವರದ್ದು! ಒಂದು ಗಂಟೆ ಹೊತ್ತು ರಾಮನನ್ನು ಪ್ರಶ್ನೆ ಮಾಡಿದ್ರು. ರಾಮನ ವೇಷದವನಿಗೆ ಉತ್ತರವೇ ಇಲ್ಲ" ಎಂದರು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಕ್ಪಟುತ್ವದಲ್ಲಿ ಅದ್ವಿತೀಯರು, ಅವರ ವಾಲಿಯು ಪ್ರಸಿದ್ಧವಾದುದು. ಆದರೆ ಅಂದಿನ ಮೇಳದಲ್ಲಿ ಅವರಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ವಾಲಿಯನ್ನು ಕಂಡವರೆಲ್ಲರೂ ಕಾಲಕ್ರಮದಲ್ಲಿ ಶೇಣಿಯವರನ್ನೇ ಕಂಡುದಾಗಿ ಭಾವಿಸುವುದುಂಟು. ಅಂದು ವಾಲಿಯಾದವರು ಮಧ್ಯಮ ಶ್ರೇಣಿಯ ಒಬ್ಬ ವೇಷಧಾರಿ. ಅವರ ಹೆಸರನ್ನು ನಾವು ಕೇಳಿದ ಐವರಲ್ಲಿ ಯಾರೂ ಹೇಳಲಿಲ್ಲ.

ಬಳಿಕ ಗೂಡಿನಬಳಿಯ ಕಡೆಯ ಒಬ್ಬ ವೃದ್ಧ ಬ್ಯಾರಿಯವರ ಮನೆಗೆ ಹೋದೆವು. ಅವರು ಆ ಕಾಲದಲ್ಲಿ ಡೇರೆಯ ಹೊರಗೆ ಚಹಾ, ಗೋಳಿಬಜೆ ಮಾರುತ್ತಿದ್ದವರು. ವ್ಯಾಪಾರವನ್ನು ಮಗನಿಗೊಪ್ಪಿಸಿ ಬಟ್ಟೆಯ ಸೆರಗನ್ನೆತ್ತಿ ಆಟ ನೋಡುವುದು ಅವರ ಅಭ್ಯಾಸವಂತೆ. ಪುರಾಣದ ಕಥೆಗಳಲ್ಲಿ ಅವರ ಪರಿಜ್ಞಾನವು ನಮ್ಮನ್ನು ಬೆರಗುಗೊಳಿಸಿತು.

"ಸಾಹೇಬ್ರೇ, ವಾಲಿ ತುಂಬ ಮಾತಾಡಿದ್ದು ಹೌದಾ?" ಎಂದು ಕೇಳಿದೆವು.

"ಎಲ್ಲಿಯ ಮಾತು ಮಾಷ್ಟ್ರೇ! ಆ ಮಳೆಯಲ್ಲಿ ಮಾತು ಯಾರಿಗೆ ಕೇಳ್ತದೆ? ಅವರು ಸುಮ್ಮನೆ ಕೂತಿದ್ರು. ಎದೆಗೆ ಕೈ ಒತ್ತಿಕೊಂಡು ರಾಮನನ್ನು ನೋಡ್ತಾ ಕೂತದ್ದು. ಮುಖದ ಬಣ್ಣ ನೀರಿಗೆ ಇಳೀತಾ ಉಂಟು. ಭಾಗವತರು ಹಾಡಿದ್ದು ಮಾತ್ರ. ನನಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಮತ್ತೆ ಅವತ್ತು ಚಾಯ ಕುಡಿದವರು ಅರ್ಧ ಜನ ದುಡ್ಡು ಕೊಡ್ಲಿಲ್ಲ, ಅದೂ ನೆನಪುಂಟು."

ಜವಳಿಯವರು ಒಂದು ಗಂಟೆಯ ವಾಗ್ವಾದವೆಂದರು, ಬ್ಯಾರಿಯವರು ಮೌನವೆಂದರು. ನಮ್ಮ ಮಟ್ಟಿಗೆ ಹೇಳುವುದಾದರೆ, ವಾಲಿಯು ಕೆಲವು ವಾಕ್ಯಗಳನ್ನು ಆಡಿದನೆಂದೂ ಅವು ಮುಂದಿನ ಸಾಲುಗಳಿಗಷ್ಟೇ ಕೇಳಿಸಿದುವೆಂದೂ ನಮ್ಮ ನೆನಪು. ವಾಲ್ಮೀಕಿಗಳ ಕಿಷ್ಕಿಂಧಾಕಾಂಡದ ಹದಿನೇಳನೆಯ ಸರ್ಗದಲ್ಲಿ ವಾಲಿಯು ರಾಮನನ್ನು ನಿಂದಿಸುವನು, ಹದಿನೆಂಟನೆಯದರಲ್ಲಿ ರಾಮನು ಸಮಾಧಾನ ಹೇಳುವನು. ಆ ಸಮಾಧಾನದಿಂದ ವಾಲಿಯು ತೃಪ್ತನಾದನೆಂದು ಕವಿಯ ವಚನ. ತೃಪ್ತರಾಗದ ಶ್ರೋತೃಗಳೂ ಅಂದಿನಿಂದ ಇಂದಿನವರೆಗೂ ಇದ್ದಾರೆ. ನಮ್ಮ ತೆಂಕುತಿಟ್ಟಿನ ಅರ್ಥಧಾರಿಗಳು ಈ ಎರಡು ಸರ್ಗಗಳ ನಡುವಿನ ಸಂದಿನಲ್ಲಿಯೇ ತಮ್ಮ ವಿದ್ವತ್ತಿನ ಸೌಧವನ್ನು ಕಟ್ಟಿದವರು. ರಾಮಾಯಣದ ಈ ಪ್ರಸಂಗಗಳನ್ನು ಕುಂಬಳೆಯ ಪಾರ್ತಿಸುಬ್ಬನ ಕೃತಿಗಳೆಂದು ನಮ್ಮವರು ಹೇಳುತ್ತಾರೆ. ಆ ಕವಿಯ ವಿಚಾರದಲ್ಲಿ ಮುಳಿಯ ತಿಮ್ಮಪ್ಪಯ್ಯನವರಿಗೂ (೧೮೮೮–೧೯೫೦) ಶಿವರಾಮ ಕಾರಂತರಿಗೂ ಅಭಿಪ್ರಾಯಭೇದವಿದ್ದುದು ಪಂಡಿತರಿಗೆ ತಿಳಿದ ಸಂಗತಿ; ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಆದರೆ ಅಂದಿನ ಪ್ರೇಕ್ಷಕರನ್ನು ಮಳೆಯಲ್ಲಿ ಕೂರಿಸಿದುದು ಕೇವಲ ಕವಿತ್ವವೂ ಅಲ್ಲ, ಕಂಠವೂ ಅಲ್ಲ ಎಂಬುದು ನಮಗೆ ತಿಳಿದುದು ಮೂರನೆಯ ಸಾಕ್ಷಿಯಿಂದ. ಅವರು ಮೆಲ್ಕಾರಿನ ಸಮೀಪದ ಒಬ್ಬ ಅಜ್ಜಿ. ಆಗ ಮೂವತ್ತರ ಹರೆಯ, ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು. ಈಗಲೂ ಮಾತನಾಡುವಾಗ ಅವರ ಬೆರಳುಗಳು ಇಲ್ಲದ ಎಲೆಯನ್ನು ಸುರುಳಿ ಸುತ್ತುತ್ತಿರುತ್ತವೆ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಭೂಸುಧಾರಣೆಯ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದಿತು. ಗೇಣಿಗೆ ಗದ್ದೆ ಮಾಡುತ್ತಿದ್ದವರು ಅರ್ಜಿ ಕೊಟ್ಟು ಭೂಮಿಯ ಒಡೆಯರಾದರು. ನಮ್ಮ ಕಡೆಯಲ್ಲಿ ಇದನ್ನು ಡಿಕ್ಲರೇಶನ್ ಕೊಡುವುದೆಂದು ಕರೆಯುತ್ತಿದ್ದರು. ಇದರಿಂದ ಬಡವರಿಗಾದ ಉಪಕಾರವು ಅಷ್ಟಿಷ್ಟಲ್ಲ. ಆದರೆ ಅರ್ಜಿಯು ಸಾಮಾನ್ಯವಾಗಿ ಮನೆಯ ಹಿರಿಯನ ಹೆಸರಿನಲ್ಲಿ ಹೋಗುತ್ತಿತ್ತು. ಹತ್ತಾರು ವರ್ಷ ಒಟ್ಟಿಗೆ ಉತ್ತು ಬಿತ್ತಿದ ತಮ್ಮನ ಹೆಸರು ಕಾಗದದಲ್ಲಿಲ್ಲ. ಅಣ್ಣನು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಒಂದೇ ಅಂಗಳದ ನಡುವೆ ಬೇಲಿ ಬಂದ ಮನೆಗಳು ಆ ವರ್ಷಗಳಲ್ಲಿ ಎಷ್ಟೋ! ಅಂಥವರ ಎದುರಿಗೆ, ರಾಜ್ಯಕ್ಕಾಗಿ ಕಾದಾಡಿದ ಅಣ್ಣ ತಮ್ಮಂದಿರಲ್ಲಿ ಅಣ್ಣನು ಸಾಯುತ್ತಾ ತನ್ನ ಕೊರಳ ಕಾಂಚನಮಾಲೆಯನ್ನು ತಮ್ಮನಿಗೆ ಕೊಟ್ಟು, ಮಗನಾದ ಅಂಗದನನ್ನು ಅವನ ಕೈಗೆ ಒಪ್ಪಿಸುವ ಸನ್ನಿವೇಶವು ನಡೆಯುತ್ತಿತ್ತು.

ಅಜ್ಜಿಯ ತಂದೆಗೂ ಚಿಕ್ಕಪ್ಪನಿಗೂ ಏಳು ವರ್ಷ ಮಾತಿರಲಿಲ್ಲವಂತೆ. ಚಿಕ್ಕಪ್ಪನು ಹೊಳೆಯಾಚೆ ಬೇರೆ ಮನೆ ಮಾಡಿದ್ದನು. ತಂದೆಯು ಅಂದು ಮಗಳೊಂದಿಗೂ ಮೊಮ್ಮಕ್ಕಳೊಂದಿಗೂ ಆಟಕ್ಕೆ ಬಂದಿದ್ದನು. ಮರುದಿನ ಬೆಳಗ್ಗೆ ಅವನು ಸೇತುವೆಯನ್ನು ದಾಟಿ ತಮ್ಮನ ಮನೆಗೆ ಹೋದನು. ಪೇಟೆಯವರು ಈ ಸಂಗತಿಯನ್ನು ನಮಗೆ ಮುಂಚೆಯೇ ಹೇಳಿದ್ದರು. ವಾಲಿಯನ್ನು ಕಂಡು ಆ ಮನುಷ್ಯನ ಹೃದಯವು ಕರಗಿತೆಂಬುದು ಅವರ ವ್ಯಾಖ್ಯಾನ.

ಅಜ್ಜಿಯು ಅದನ್ನು ಕೇಳಿ ನಕ್ಕರು. ಅವರು ತುಳುವಿನಲ್ಲಿ ಹೇಳಿದುದರ ತಾತ್ಪರ್ಯವಿಷ್ಟು: "ಆಟ ನೋಡಿ ಹೋದದ್ದಲ್ಲ ಮಾಷ್ಟ್ರೇ. ರಾತ್ರಿಯ ಗಾಳಿಗೆ ಚಿಕ್ಕಪ್ಪನ ಮನೆಯ ಮಾಡು ಹಾರಿಹೋಗಿದೆ ಅಂತ ಬೆಳಗ್ಗೆ ಯಾರೋ ಬಂದು ಹೇಳಿದರು. ಅಪ್ಪ ಮುಳಿಹುಲ್ಲಿನ ಕಟ್ಟು ಹೊತ್ತುಕೊಂಡು ಹೋದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಆಟದಲ್ಲಿ ಅತ್ತದ್ದು ನಿಜ. ನನ್ನ ಅಪ್ಪ ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮಳೆ ಬರುತ್ತಿತ್ತಲ್ಲ, ಯಾರಿಗೂ ಗೊತ್ತಾಗಲಿಕ್ಕಿಲ್ಲ ಅಂತ ತಿಳಿದಿದ್ದ" ಎಂದರು. ಗದ್ದೆಯ ಪಾಲು ಆಯಿತೇ ಎಂದು ಕೇಳಿದೆವು. ಅದು ಆಗಲಿಲ್ಲವಂತೆ, ಮಾತು ಮಾತ್ರ ಆರಂಭವಾಯಿತಂತೆ. ಪಾಲಿನ ದಾವೆಯು ಇಬ್ಬರೂ ತೀರಿದ ಮೇಲೆ ಮಕ್ಕಳ ಕಾಲದಲ್ಲಿ ರಾಜಿಯಾಯಿತು.

ಭರತಮುನಿಗಳು ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ದೈವೀ, ಮಾನುಷೀ ಎಂದು ಎರಡಾಗಿ ವಿಂಗಡಿಸಿದ್ದಾರೆ. ಪ್ರೇಕ್ಷಕರು ಮುಗುಳ್ನಗುವುದು, ಗಟ್ಟಿಯಾಗಿ ನಗುವುದು, ಸಾಧು ಎನ್ನುವುದು, ಅಯ್ಯೋ ಎನ್ನುವುದು, ರೋಮಾಂಚಗೊಳ್ಳುವುದು, ಆಸನದಿಂದ ಏಳುವುದು, ವಸ್ತ್ರವನ್ನೂ ಉಂಗುರವನ್ನೂ ಎಸೆಯುವುದು ಇವೆಲ್ಲ ಮಾನುಷೀ ಸಿದ್ಧಿಯ ಲಕ್ಷಣಗಳು. ಸಭೆಯು ತುಂಬಿರಬೇಕು, ಶಬ್ದವಿರಬಾರದು, ಕ್ಷೋಭೆಯಿರಬಾರದು, ಉತ್ಪಾತವಿರಬಾರದು. ಇದು ದೈವೀ ಸಿದ್ಧಿ. ಗಾಳಿ, ಬೆಂಕಿ, ಮಳೆ ಮುಂತಾದುವನ್ನು ಅವರು ದೈವಿಕವಾದ ಘಾತಗಳಲ್ಲಿ, ಎಂದರೆ ಪ್ರಯೋಗವನ್ನು ಕೆಡಿಸುವ ವಿಘ್ನಗಳಲ್ಲಿ, ಎಣಿಸಿದ್ದಾರೆ. ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದ ಅಷ್ಟು ವರ್ಷಗಳಲ್ಲಿ ಈ ಅಧ್ಯಾಯವನ್ನು ತೆರೆದಾಗಲೆಲ್ಲ ನಮಗೆ ಪಾಣೆಮಂಗಳೂರಿನ ಗದ್ದೆಯು ಜ್ಞಾಪಕಕ್ಕೆ ಬರುತ್ತಿತ್ತು. ಶಾಸ್ತ್ರದ ಲೆಕ್ಕದಲ್ಲಿ ಅದು ಕೆಟ್ಟ ಪ್ರಯೋಗ. ಅಮೆರಿಕದ ವುಡ್‌ಸ್ಟಾಕ್ ಎಂಬ ರಾಕ್ ಸಂಗೀತೋತ್ಸವದಲ್ಲಿಯೂ ೧೯೬೯ರ ಆಗಸ್ಟಿನಲ್ಲಿ ಲಕ್ಷಾಂತರ ತರುಣರು ಮಳೆಗೂ ಕೆಸರಿಗೂ ಸಿಕ್ಕಿದ್ದರೆಂದೂ, ಅದನ್ನೇ ಅವರು ಮುದಿತನದವರೆಗೂ ಹೇಳಿಕೊಳ್ಳುತ್ತಾರೆಂದೂ ಓದಿದ್ದೇವೆ. ಮುನಿಗಳು ವಿಘ್ನವೆಂದುದನ್ನು ಜನರು ಸಿದ್ಧಿಯೆಂದು ಎಣಿಸುವುದು ಎರಡು ಖಂಡಗಳಲ್ಲಿಯೂ ನಡೆದಿದೆಯೆಂದಾಯಿತು.

ಆ ಗದ್ದೆಯನ್ನು ನೋಡಲು ಹೋದೆವು. ಗದ್ದೆಯಿಲ್ಲ. ಸಾಲಾಗಿ ಅಂಗಡಿಗಳೂ ಮೇಲೆ ಬಾಡಿಗೆಯ ಮನೆಗಳೂ ಇವೆ. ರಂಗಸ್ಥಳವಿದ್ದ ಜಾಗದಲ್ಲಿ ಟೈಲ್ಸು ಮಾರುತ್ತಾರೆ. ಚಂಡೆ ಕೇಳಿಸುತ್ತಿದ್ದ ದೂರದವರೆಗೆ ಈಗ ಹೆದ್ದಾರಿಯ ಲಾರಿಗಳ ಸದ್ದು. ಯಕ್ಷಗಾನವು ನಿಂತುಹೋಗಿದೆಯೆಂದು ಯಾರೂ ತಿಳಿಯಬಾರದು. ಕಟೀಲಿನಂಥ ಕ್ಷೇತ್ರಗಳ ಮೇಳಗಳಿಗೆ ಹರಕೆಯ ಆಟಕ್ಕಾಗಿ ಭಕ್ತರು ವರ್ಷಗಟ್ಟಲೆ ಕಾಯುತ್ತಾರೆ. ಟಿಕೆಟಿನ ಡೇರೆಗಳು ಮಾತ್ರ ನಮ್ಮ ಕಡೆ ಮರೆಯಾದುವು, ಮತ್ತು ಅನೇಕ ಮೇಳಗಳು ಈಗ ನಡುರಾತ್ರಿಯ ಸುಮಾರಿಗೆ ಆಟವನ್ನು ಮುಗಿಸುತ್ತವೆ. ಮಾರನೆಯ ದಿನ ಕೆಲಸಕ್ಕೆ ಹೋಗಬೇಕಾದವರಿಗೆ ಇದರಿಂದ ಅನುಕೂಲವೇ. ಆದರೂ ಮುಂಜಾನೆ ಮೂರು ಗಂಟೆಯ ವಾಲಿಯನ್ನು ಹನ್ನೊಂದು ಗಂಟೆಗೆ ಕೊಂದರೆ ಅವನು ಅಷ್ಟು ಚೆನ್ನಾಗಿ ಸಾಯುವುದಿಲ್ಲವೆಂದು ನಮ್ಮ ಹಟ.

ಕೊನೆಯದಾಗಿ ಪೇಟೆಯ ರೇಡಿಯೋ ರಿಪೇರಿಯವರನ್ನು ಕಾಣಲು ನಮಗೆ ಜವಳಿಯವರೇ ಹೇಳಿಕಳುಹಿಸಿದರು. ಅವರ ಅಣ್ಣನು ಆ ಕಾಲದಲ್ಲಿ ಗಲ್ಫಿನಿಂದ ಟೇಪುರೆಕಾರ್ಡರನ್ನು ತಂದಿದ್ದನು. ಅಂದು ಅವರು ಅದಕ್ಕೆ ಶೆಲ್ಲು ಹಾಕಿ, ಬೆಂಚಿನ ಕೆಳಗಿಟ್ಟು, ಆಟವನ್ನು ತುಂಬಿಸಿಕೊಂಡಿದ್ದರು. ಮೂರು ಕ್ಯಾಸೆಟ್ಟುಗಳಲ್ಲಿ ಎರಡು ಹಾಳಾಗಿ ಒಂದು ಉಳಿದಿದೆ. ಸಾಕ್ಷಿಗಳ ವಿವಾದವು ಇದರಿಂದ ಇತ್ಯರ್ಥವಾಗುವುದೆಂಬ ಉತ್ಸಾಹದಿಂದ ನಾವು ಕುಳಿತೆವು. ಅವರು ಬೂಷ್ಟು ಹಿಡಿದ ರಿಬ್ಬನ್ನನ್ನು ಹತ್ತಿಯಿಂದ ಒರಸಿ, ಪೆನ್ಸಿಲಿನಿಂದ ತಿರುಗಿಸಿ, ಯಂತ್ರಕ್ಕೆ ಹಾಕಿದರು.

ಮೊದಲು ಚಂಡೆ, ಕಾಳಗದ ಏರುಪದ, ಸ್ಪಷ್ಟವಾಗಿ. ಬಳಿಕ ಬಟ್ಟೆ ಹರಿದಂಥ ಒಂದು ಸದ್ದು. ಅನಂತರ ಮಳೆ. ಡೇರೆಯ ಬಟ್ಟೆಯ ಮೇಲೆ, ಬೆಂಚಿನ ಮೇಲೆ, ತಗಡಿನ ಮೇಲೆ ಮಳೆ. ಮಗುವೊಂದರ ಅಳು. ಯಾರೋ ತುಳುವಿನಲ್ಲಿ, "ಕುಳ್ಳುಲೆ, ಕುಳ್ಳುಲೆ," ಕುಳಿತುಕೊಳ್ಳಿ ಎಂದು ಗದರಿಸುತ್ತಾರೆ. ಬಹಳ ದೂರದಿಂದ ಬರುವಂತೆ ಭಾಗವತರ ಕಂಠ. ಪದದ ಅಕ್ಷರಗಳು ತಿಳಿಯುವುದಿಲ್ಲ, ರಾಗವೂ ಪೂರ್ತಿ ತಿಳಿಯುವುದಿಲ್ಲ, ಕಂಠವು ಮಾತ್ರ ಇದೆ. ವಾಲಿಯು ಮಾತನಾಡಿದನೋ ಸುಮ್ಮನಿದ್ದನೋ, ಕ್ಯಾಸೆಟ್ಟು ಏನನ್ನೂ ಹೇಳದು. ಹತ್ತಿರದಲ್ಲಿ ಒಬ್ಬನು ಎರಡು ಸಲ ಕೆಮ್ಮುತ್ತಾನೆ. ಅಷ್ಟರಲ್ಲಿ ರಿಬ್ಬನ್ನು ಮುಗಿಯುತ್ತದೆ.

"ಇದನ್ನು ಕೇಳ್ಲಿಕ್ಕೆ ಜನ ಬರ್ತಾರೆ ಮಾಷ್ಟ್ರೇ" ಎಂದರು ರಿಪೇರಿಯವರು. "ಆ ಕೆಮ್ಮು ತಮ್ಮ ಅಪ್ಪಂದೇ ಅಂತ ಇಷ್ಟರವರೆಗೆ ಮೂರು ಜನ ಹೇಳಿದ್ದಾರೆ. ನಾನು ಯಾರಿಗೂ ಅಲ್ಲ ಅನ್ಲಿಲ್ಲ."

ಹೊಸ ರೀತಿಯಲ್ಲಿ ಅದರ ಪ್ರತಿಯನ್ನು ಮಾಡಿಡಬೇಕೆಂದು ನಾವು ಪ್ರಾರ್ಥಿಸಿದೆವು. ಮಳೆಗಾಲಕ್ಕೆ ಮುಂಚೆ ಮಾಡಿಸುವೆನೆಂದು ಒಪ್ಪಿದ್ದಾರೆ. ಅಜ್ಜಿಯು ಅದನ್ನು ಇನ್ನೂ ಕೇಳಿಲ್ಲವಂತೆ. ಅವರನ್ನು ಕರೆತರಲು ಮೊಮ್ಮಗನಿಗೆ ಭಾನುವಾರ ಬಿಡುವಿದೆಯೆಂದು ಹೇಳಿದರು.